ನಸುಕಿನ ಪಯಣಕ್ಕೆ ಕನಸಿನ ಗಂಟು

ಬೇಗ ಎದ್ದರೆ, ಊರು ಸುತ್ತಿದರೆ ಸ್ಫೂರ್ತಿ ಬರುತ್ತದೆ ಎನ್ನುವವರು ಬಹಳ. ಸೂರ್ಯೋದಯದ ಫೋಟೊ ಸ್ಟೇಟಸ್‌ಗೆ ಹಾಕಿ ಮತ್ತೆ ಮಲಗುವವರೂ ಅಷ್ಟೇ ಬಹಳ. ಬರೀ ನೋಟದಿಂದ ಹುಟ್ಟಿದ ಹುಮ್ಮಸ್ಸು ತಿಂಡಿ ಹೊತ್ತಿಗೆ ಇಳಿದುಹೋಗುತ್ತದೆ. ಅದು ನಿಲ್ಲಬೇಕಿದ್ದರೆ, ಯಾರಾದರೂ ಕಷ್ಟದ ಕೆಲಸವೊಂದರ ನಡುವೆ ಕೂತಿರುವುದನ್ನು ಹತ್ತಿರದಿಂದ ನೋಡಬೇಕು. ಅದಕ್ಕೆ ಹೇಳಿ ಮಾಡಿಸಿದ ಸೀಮೆ ರಾಯಚೂರಿನ ಪಕ್ಕದಲ್ಲೇ ಇದೆ: ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್. ಗದ್ವಾಲ್ ಅಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. ರಾಯಚೂರಿನಿಂದ ಕೃಷ್ಣಾ ನದಿ ದಾಟಿದ ಮೇಲೆ ಸಿಗುವ ಕೃಷ್ಣಾ ಮಂಡಲದ ಊರುಗಳಲ್ಲಿ ಇಂದಿಗೂ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಎರಡು ದಿನ ಬಿಡುವು ಮಾಡಿಕೊಳ್ಳಿ, ಸಾಕು.

ಹೊರಡುವ ಮುನ್ನ

ಬ್ಯಾಗಿಗಿಂತ ಮೊದಲು ಪ್ರಶ್ನೆ ಸಿದ್ಧವಾಗಲಿ. ‘ಸ್ವಂತ ಬುಟೀಕ್ ಇಡಬೇಕು’, ‘ಕೆಎಎಸ್ ಪಾಸಾಗಬೇಕು’ ಎನ್ನುವುದು ಕನಸು. ಅದರ ಗಂಟು ಎಲ್ಲಿ ಬಿದ್ದಿದೆ? ‘ಹೊಲಿಗೆ ಚೆನ್ನಾಗಿ ಬರುತ್ತದೆ, ಗಿರಾಕಿ ಹುಡುಕುವುದು ಗೊತ್ತಿಲ್ಲ’, ‘ಕಾದಂಬರಿ ನಲವತ್ತನೇ ಪುಟಕ್ಕೆ ನಿಂತಿದೆ’ ಎಂದು ಚೀಟಿಯಲ್ಲಿ ಒಂದೇ ಸಾಲು ಬರೆದು ಕಿಸೆಯಲ್ಲಿಡಿ. ಜತೆಗೆ ಒಬ್ಬರಿದ್ದರೆ ಒಳ್ಳೆಯದು; ಆರು ಜನ ಸೇರಿದರೆ ಅದು ಪಿಕ್‌ನಿಕ್ಕು, ಅದಕ್ಕೆ ಈ ಲೇಖನ ಬೇಡ.

ಕಾಲ: ನವೆಂಬರ್‌ನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ತಲೆ ಸುಡುತ್ತದೆ. ಹಿಂದಿನ ರಾತ್ರಿ ರಾಯಚೂರಿನಲ್ಲಿ ಉಳಿಯಿರಿ. ಮಕ್ತಲ್‌ಗೆ ಹೋಗುವ ದಾರಿ ಶಕ್ತಿನಗರ ದಾಟಿ, ಕೃಷ್ಣಾ ನದಿ ದಾಟಿ ಸಾಗುತ್ತದೆ. ನದಿಯ ಮೇಲಿನ ನಿಜಾಮರ ಕಾಲದ ಸೇತುವೆ ಆಗಾಗ ದುರಸ್ತಿಗೆ ಬರುತ್ತದೆ. ವಾಹನ ಬಿಡುತ್ತಿದ್ದಾರಾ ಎಂದು ಬಸ್ ನಿಲ್ದಾಣದಲ್ಲಿ ಕೇಳಿಕೊಳ್ಳಿ. ರೈಲೂ ಇದೆ: ದೇವರಕದ್ರ ಕಡೆಯಿಂದ ಬರುವ ಮಾರ್ಗ 2023ರ ಅಕ್ಟೋಬರ್ 1ರಂದು ಕೃಷ್ಣಾ ನಿಲ್ದಾಣಕ್ಕೆ ಕೂಡಿಕೊಂಡ ಮೇಲೆ ರಾಯಚೂರು–ಕಾಚಿಗುಡ ರೈಲು ಮಕ್ತಲ್ ಮೇಲೆ ಓಡಾಡುತ್ತಿದೆ. ವೇಳೆ ನೋಡಿಕೊಂಡೇ ಹೊರಡಿ.

ಮೊದಲ ನಸುಕು: ಮುಡುಮಾಲ್

ಮುಡುಮಾಲ್‌ಗೆ ಬಸ್ಸು ನಂಬಬೇಡಿ. ಹಿಂದಿನ ಸಂಜೆಯೇ ಆಟೊ ಅಥವಾ ಕಾರಿಗೆ ಹೇಳಿಟ್ಟು, ಹೊತ್ತು ಮೂಡುವ ಅರ್ಧ ತಾಸು ಮೊದಲೇ ಅಲ್ಲಿರಿ. ಕೃಷ್ಣೆಯ ದಂಡೆಯ ಈ ಊರಿನಲ್ಲಿ ಇತಿಹಾಸಪೂರ್ವ ಕಾಲದ ಜನ ನೆಟ್ಟ ನಿಲುವುಗಲ್ಲುಗಳಿವೆ. ದೊಡ್ಡವು ಹತ್ತರಿಂದ ಹದಿನಾಲ್ಕು ಅಡಿ ಎತ್ತರ. 2025ರ ಮಾರ್ಚ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಇವು ಸೇರಿದವು. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ.ಪಿ. ರಾವ್ ವರ್ಷಗಟ್ಟಲೆ ಇವುಗಳ ಅಧ್ಯಯನ ನಡೆಸಿದವರು (ನಮ್ಮ ಕನ್ನಡ ಕೀಲಿಮಣೆಯ ಕೆ.ಪಿ. ರಾವ್ ಬೇರೆ). ಹಗಲು–ರಾತ್ರಿ ಸಮನಾಗುವ ದಿನಗಳಲ್ಲಿ, ಹಗಲು ಅತಿ ದೀರ್ಘ ಮತ್ತು ಅತಿ ಚಿಕ್ಕದಾಗುವ ದಿನಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಕಲ್ಲಿನ ಸಾಲುಗಳು ಹೊಂದುತ್ತವೆ ಎಂದು ಅವರು ಗುರುತಿಸಿದ್ದಾರೆ. ಒಂದು ಕಲ್ಲಿನ ಮೇಲೆ ಸಪ್ತರ್ಷಿ ಮಂಡಲದಂತೆ ಕುಳಿ ಕೊರೆದಿದ್ದಾರೆ. ಸ್ಥಳೀಯರನ್ನು ಕೇಳಿ, ತೋರಿಸುತ್ತಾರೆ. ಡಿಸೆಂಬರ್ 21ರ ಆಸುಪಾಸು ಹೋದರೆ ಹವಾಮಾನವೂ ಹಿತ, ಸೂರ್ಯನೂ ಲೆಕ್ಕಕ್ಕೆ ಸಿಗುತ್ತಾನೆ.

ಬೇರೆ ದಿನ ಹೋದರೂ ನಷ್ಟವಿಲ್ಲ. ಸಾಲಿನ ನಡುವೆ ನಿಂತು, ಸೂರ್ಯ ಸಾಲಿನಿಂದ ಎಷ್ಟು ಅತ್ತ ಸರಿದು ಹುಟ್ಟುತ್ತಾನೆ ನೋಡಿ. ಈ ಸರಿತದ ಲೆಕ್ಕ ಒಂದೆರಡು ದಿನದಲ್ಲಿ ಸಿಗುವಂಥದ್ದಲ್ಲ. ಕಲ್ಲು ನೆಟ್ಟವರು ಒಂದು ವರ್ಷ ಗುರುತು ಹಾಕಿ, ಮುಂದಿನ ವರ್ಷ ಅದು ಸರಿಯೇ ಎಂದು ಮತ್ತೆ ಬಂದು ನಿಂತಿರಲೇಬೇಕು. ನಡುವೆ ಮೋಡ ಕವಿದ ಮುಂಜಾನೆಗಳೂ ಬಂದಿದ್ದಾವು. ಪರೀಕ್ಷೆ ಒಂದು ಸಲ ಕೈಕೊಟ್ಟಿತೆಂದು ಪುಸ್ತಕ ಮುಚ್ಚಿಟ್ಟವರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಹುದು. ಪೂಜೆ ನಡೆಯುವ ಕಲ್ಲುಗಳ ಬಳಿ ಚಪ್ಪಲಿ ಬಿಡಿ. ಯಾವುದನ್ನೂ ಹತ್ತಬೇಡಿ.

ಮಕ್ತಲ್‌ನಲ್ಲಿ ತಿಂಡಿ, ನಾಲ್ಕು ಸಾಲು

ಪಡಮಟಿ ಆಂಜನೇಯನಿಗೆ ಕೈಮುಗಿದು, ಉಗ್ಗಾನಿ–ಬಜ್ಜಿ ತಿನ್ನಿ; ನಮ್ಮ ಮಂಡಾಳ ಒಗ್ಗರಣೆಯ ಬಳಗದ್ದೇ. ಚಹಾ ಬರುವಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ. ‘ಅದ್ಭುತ’, ‘ಮನಮೋಹಕ’ ಬೇಡ. ಕಂಡದ್ದು ಮಾತ್ರ ಸಾಕು. ಅಲ್ಲಿಯವರೆಗೆ ಫೋನಿನ ಡೇಟಾ ಬಂದ್ ಇರಲಿ.

ನಾರಾಯಣಪೇಟೆ: ಹರಿದ ಎಳೆ

2019ರಿಂದ ಜಿಲ್ಲಾಕೇಂದ್ರವಾಗಿರುವ ಈ ಊರು ಮಕ್ತಲ್‌ನಿಂದ ಸುಮಾರು ಮೂವತ್ತು ಕಿ.ಮೀ. ಚೌಕಳಿ ಮೈ, ಅಂಚಿಗೆ ಗುಡಿಯ ಗೋಪುರದಂಥ ವಿನ್ಯಾಸದ ಸೀರೆಗಳಿಗೆ ಹೆಸರುವಾಸಿ. ಬಿಸಿಲೇರುವ ಮುನ್ನ ನೇಕಾರರ ಓಣಿ ಸೇರಿ. ‘ಅಣ್ಣಾ’, ‘ಅಕ್ಕಾ’ ಎಂದು ಮಾತಾಡಿಸಿ. ಅಲ್ಲಿ ತೆಲುಗಿಗೂ ಕನ್ನಡಕ್ಕೂ ಅದೇ ನಡೆಯುತ್ತದೆ. ಒಪ್ಪಿಗೆ ಕೇಳದೆ ಕ್ಯಾಮೆರಾ ತೆಗೆಯಬೇಡಿ.

‘ದಿನಕ್ಕೆ ಎಷ್ಟು ಸಿಗುತ್ತದೆ?’ ಎಂದು ಶುರು ಮಾಡಬೇಡಿ. ಬಂದವರೆಲ್ಲ ಕೇಳುವುದು ಅದನ್ನೇ. ‘ಎಳೆ ಹರಿದರೆ ಏನು ಮಾಡ್ತೀರಿ?’ ಎಂದು ಕೇಳಿ, ಆಮೇಲೆ ಕೈ ನೋಡಿ. ಲಾಳಿ ನಿಲ್ಲುತ್ತದೆ. ಸಾವಿರಾರು ಎಳೆಗಳ ನಡುವೆ ತುದಿ ಹುಡುಕಿ, ಅದಕ್ಕೊಂದು ತುಂಡು ನೂಲು ಹೊಸೆದು ಕೂಡಿಸಿ, ಹಣಿಗೆಯ ಅದೇ ಸಂದಿನಲ್ಲಿ ತೂರಿಸಿ, ಎಳೆದು ಬಿಗಿ ನೋಡಿ, ಮತ್ತೆ ಲಾಳಿ ಓಡಿಸುತ್ತಾರೆ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುವುದು ಇಲ್ಲಿನ ರೂಢಿ. ಒಂದು ಎಳೆ ಹರಿಯಿತೆಂದು ಹಾಸು ಬಿಚ್ಚುವ ಮಾತೇ ಇಲ್ಲ. ನಲವತ್ತನೇ ಪುಟಕ್ಕೆ ನಿಂತ ಕಾದಂಬರಿಕಾರರು ಸಾಮಾನ್ಯವಾಗಿ ಮೊದಲ ಪುಟದಿಂದ ತಿದ್ದಲು ಕೂರುತ್ತಾರೆ. ಮೂವತ್ತೊಂಬತ್ತನೆಯದರ ಕೊನೆಯ ಸಾಲು ಹಿಡಿದರೆ ಸಾಕಿತ್ತೇನೋ.

ಎರಡನೇ ದಿನ: ಗದ್ವಾಲ್

ಮಕ್ತಲ್ ಕಡೆಯಿಂದ ಅಮರಚಿಂತ, ಆತ್ಮಕೂರು ದಾಟಿ ಜುರಾಲ ಅಣೆಕಟ್ಟಿನ ಮೇಲಿನ ರಸ್ತೆ ಹಿಡಿಯಿರಿ. ಮುಂಜಾನೆ ಆ ನೀರಿನ ಹರವೇ ಬೇರೆ. ರಾಯಚೂರಿನಿಂದಾದರೆ 2013ರಲ್ಲಿ ಶುರುವಾದ ರೈಲು ಮಾರ್ಗವಿದೆ. ಗದ್ವಾಲ್‌ನ ಅರಸ ಸೋಮಭೂಪಾಲನ ಕೋಟೆಯನ್ನು ಒಂದು ಸುತ್ತು ಹಾಕಿ ಮಗ್ಗದತ್ತ ನಡೆಯಿರಿ, ಕೋಟೆ ಎಲ್ಲಿಗೂ ಹೋಗುವುದಿಲ್ಲ.

ಸಾಂಪ್ರದಾಯಿಕ ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಒಡಲಿಗೂ ಅಂಚಿಗೂ ಹೊಕ್ಕಿನ (ಅಡ್ಡ) ನೂಲು ಬೇರೆ, ಲಾಳಿಯೂ ಬೇರೆ. ಒಡಲಿನ ಹೊಕ್ಕು ಅಂಚಿನ ತನಕ ಬಂದು ರೇಷ್ಮೆಯ ಹೊಕ್ಕಿಗೆ ಕೊಂಡಿ ಹಾಕಿ ಹಿಂದಿರುಗುತ್ತದೆ. ಪ್ರತಿ ಸಾಲಿಗೂ ಹೀಗೇ. ಆ ಕೂಡುಗೆರೆಯ ಮೇಲೆ ಬೆರಳಾಡಿಸಿ ನೋಡಿ. ನೌಕರಿ ಬಿಡಲಾರದೆ, ಕನಸೂ ಬಿಡಲಾರದೆ ಒದ್ದಾಡುವವರು ನೇಕಾರರನ್ನು ಕೇಳಬೇಕಾದ ಪ್ರಶ್ನೆ ಇದು: ‘ಎರಡು ಥರದ ನೂಲಿಗೆ ಬಿಗಿ ಹೇಗೆ ಸರಿದೂಗಿಸ್ತೀರಿ?’ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಕೊಳ್ಳುವುದಿದ್ದರೆ ನೇಕಾರರಿಂದಲೋ ಸಹಕಾರ ಸಂಘದಿಂದಲೋ ಕೊಳ್ಳಿ. ಎರಡೂ ಊರಿನ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಪವರ್‌ಲೂಮ್ ನಕಲುಗಳ ಕಾಟವೂ ಇದೆ. ರಸೀದಿ ಕೇಳಿ. ಬುಟೀಕ್ ಕನಸಿನವರು ನೇಕಾರರ ಫೋನ್ ನಂಬರ್ ಕೇಳಲು ನಾಚಬಾರದು.

ಮರಳಿದ ಮೇಲೆ

ಅಲಾರಂ ಬದಲಿಸಬೇಡಿ. ಮರುದಿನವೂ ಅದೇ ನಸುಕಿಗೆ ಎದ್ದು, ಕಿಸೆಯ ಚೀಟಿ ಮತ್ತು ನೋಟ್‌ಬುಕ್ ಪಕ್ಕಪಕ್ಕ ಇಟ್ಟುಕೊಂಡು ಕಾಲು ತಾಸಿನ ಒಂದು ಕೆಲಸ ಮಾಡಿ. ಗಿರಾಕಿ ಹುಡುಕುವವರು ಐದು ಹೆಸರಿನ ಪಟ್ಟಿ ಬರೆಯಲಿ; ಬರೆಯುವವರು ನಲವತ್ತನೇ ಪುಟಕ್ಕೆ ಒಂದು ಪ್ಯಾರಾ ಸೇರಿಸಲಿ. ವಾರ ಕಳೆದರೂ ಕೆಲಸ ಕದಲದಿದ್ದರೆ ಮತ್ತೊಂದು ಪ್ರವಾಸಕ್ಕೆ ಟಿಕೆಟ್ ತೆಗೆಸಬೇಡಿ. ಚೀಟಿಯಲ್ಲಿನ ಸಾಲು ದೊಡ್ಡದಾಗಿರಬೇಕು. ಅದನ್ನು ಎರಡಾಗಿ ಒಡೆದು ಬೇರೆ ಚೀಟಿಯಲ್ಲಿ ಬರೆಯಿರಿ.