ಹಂಚಿನ ಮನೆಗೆ ಸೀಲಿಂಗ್ ಯಾಕೆ?

ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿ ಸೀಮೆಯಲ್ಲಿ ಅಡಿಕೆಗೆ ಒಳ್ಳೆ ರೇಟು ಸಿಕ್ಕಿತೆಂದರೆ ಮನೆ ರಿಪೇರಿ ಮಾತು ಶುರು. ಪಿಒಪಿ ಸೀಲಿಂಗ್, ಹೊಳೆಯುವ ಟೈಲ್ಸ್, ಗಾಜಿನ ಶೋಕೇಸು. ಸ್ವಲ್ಪ ತಡೆಯಿರಿ.

ಹಂಚಿನ ಮನೆಗೆ ಸೀಲಿಂಗ್ ಹೊಡೆಸಿದರೆ ಎತ್ತರ ಹೋಗುತ್ತದೆ, ಹಂಚಿನ ಸಂದಿಯಿಂದ ಬಿಸಿಗಾಳಿ ಹೊರಹೋಗುವ ದಾರಿ ಮುಚ್ಚುತ್ತದೆ. ಮೇಲಿನ ಜಾಗವಂತೂ ಇಲಿಗಳಿಗೆ ಬಾಡಿಗೆಯಿಲ್ಲದ ಮನೆ. ಆ ದುಡ್ಡಿನ ಒಂದು ಪಾಲಿನಲ್ಲೇ ನಡುಮನೆ, ಅಡುಗೆಮನೆಗೆ ಎರಡು ಮೂರು ಗಾಜಿನ ಹಂಚು ಹಾಕಿಸಿ. ಹಗಲು ಲೈಟು ಬೇಕಾಗುವುದಿಲ್ಲ. ಗೋಡೆಗೆ ತಿಳಿ ಬಣ್ಣ ಸಾಕು. ಮರದ ಕಂಬ, ಬಾಗಿಲಿಗೆ ಹಿಂದೆ ಬಳಿದ ಪೇಂಟು ಕೆರೆದು ಉಪ್ಪುಕಾಗದ ಹಾಕಿ ಉಜ್ಜಿಸಿ, ಪಾಲಿಶ್ ಕೊಡಿಸಿ. ಪೇಟೆಯವರು ಈ ನೋಟಕ್ಕೇ ಸಾವಿರಗಟ್ಟಲೆ ಸುರಿಯುತ್ತಾರೆ!

ರೆಡ್ ಆಕ್ಸೈಡ್ ನೆಲವನ್ನು ಮಾತ್ರ ದಯವಿಟ್ಟು ಅಗೆಸಬೇಡಿ. ಬಿರುಕು ತುಂಬಿಸಿ ಮೇಣದ ಪಾಲಿಶ್ ಹೊಡೆದರೆ ಮತ್ತೆ ಮಿನುಗುತ್ತದೆ. ರಾತ್ರಿಗೆ ಬಿಳಿ ಟ್ಯೂಬ್‌ಲೈಟಿನ ಬದಲು 2700ರಿಂದ 3000 ಕೆಲ್ವಿನ್‌ನ ಹಳದಿ ಎಲ್‌ಇಡಿ ಬಲ್ಬು ಹಾಕಿ ನೋಡಿ, ಕೋಣೆಯ ಕಳೆಯೇ ಬೇರೆ.

ಮಿಕ್ಕ ಹಣದಲ್ಲಿ ಅಡುಗೆಮನೆಗೊಂದು ಎಕ್ಸಾಸ್ಟ್ ಫ್ಯಾನ್ ತನ್ನಿ. ಮನೆಯ ಹೆಂಗಸರು ಕೇಳುತ್ತಿರುವುದು ಶೋಕೇಸನ್ನಲ್ಲ, ಅದನ್ನೇ.