ರಾಷ್ಟ್ರಪತಿ ಅಭ್ಯರ್ಥಿಯ ಯೋಗ್ಯತೆ ಚರ್ಚಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ರಾಷ್ಟ್ರಪತಿ ಚುನಾವಣೆ ಬಂತೆಂದರೆ ಕಾಚಿಗುಡದಿಂದ ಕೂಕಟ್‌ಪಲ್ಲಿಯವರೆಗೆ, ಹೈದರಾಬಾದಿನಲ್ಲಿ ನಾಲ್ಕು ಜನ ಕನ್ನಡಿಗರು ಕೂತಲ್ಲೆಲ್ಲ ವಾಗ್ವಾದ ಏಳುತ್ತದೆ. ಏಳಲಿ. ಆ ಕುರ್ಚಿಗೆ ಯಾರು ತಕ್ಕವರು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಮಾತು ಅಭ್ಯರ್ಥಿಯ ಹುಟ್ಟು, ಹೆಸರು, ಮೈಕಟ್ಟುಗಳ ಸುತ್ತ ಗಿರಕಿ ಹೊಡೆಯುವುದನ್ನು ಇನ್ನು ಸಹಿಸಬಾರದು. ಕೆಳಗಿನ ನಿಯಮಗಳು ಯಾವ ಪಕ್ಷದವರಿಗೂ ರಿಯಾಯಿತಿ ಕೊಡುವುದಿಲ್ಲ.

ಮಾಡಬೇಕಾದ್ದು: ಸಂವಿಧಾನದ 58ನೇ ವಿಧಿ ಓದಿಕೊಂಡು ಬನ್ನಿ. ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು, ಲಾಭದಾಯಕ ಹುದ್ದೆಯಲ್ಲಿರಬಾರದು. ಕಾನೂನು ಕೇಳುವುದು ಇಷ್ಟೇ. ಪದವಿ, ಭಾಷೆ, ಜಾತಿ, ಧರ್ಮ ಯಾವುದೂ ಅಲ್ಲಿಲ್ಲ. ಅಲ್ಲಿಲ್ಲದ ಅನರ್ಹತೆಯನ್ನು ನೀವು ಹುಟ್ಟುಹಾಕಬೇಡಿ.

ಮಾಡಬೇಕಾದ್ದು: ಆ ಕುರ್ಚಿಯ ಕೆಲಸವೇನೆಂದು ತಿಳಿದು, ಪ್ರಶ್ನೆಯನ್ನು ಅದಕ್ಕೆ ಕಟ್ಟಿ. 2002ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ನಿಂತಾಗ ಈ ಊರಿನಲ್ಲಿ ಅಭಿಮಾನಕ್ಕೆ ಮಿತಿಯಿರಲಿಲ್ಲ. 1982ರಲ್ಲಿ ಇಲ್ಲಿನ ರಕ್ಷಣಾ ಪ್ರಯೋಗಾಲಯ ಡಿ.ಆರ್.ಡಿ.ಎಲ್.ನ ನಿರ್ದೇಶಕರಾಗಿ ಬಂದು ಕ್ಷಿಪಣಿ ಯೋಜನೆ ನಡೆಸಿದವರು ಅವರು. ಹೊಗಳಿದವರು ಕ್ಷಿಪಣಿಯನ್ನು ಹೊಗಳಿದರು, ಹಳಿದವರು ಕೂದಲನ್ನು ಹಳಿದರು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಸಂಪುಟದ ಶಿಫಾರಸು ತಪ್ಪೆನಿಸಿದರೆ ಸಹಿ ಹಾಕುವ ಮುನ್ನ ತಡೆಯುತ್ತೀರಾ? 2005ರ ಮೇ ತಿಂಗಳಲ್ಲಿ ಅದು ನಿಜವಾಗಿಯೇ ಎದುರಾಯಿತು. ಬಿಹಾರ ವಿಧಾನಸಭೆಯ ವಿಸರ್ಜನೆಗೆ ಕಲಾಂ ಮಾಸ್ಕೋದಿಂದಲೇ ಒಪ್ಪಿಗೆ ಕೊಟ್ಟರು. ಆ ವಿಸರ್ಜನೆ ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷ ಲಾಭದಾಯಕ ಹುದ್ದೆಯ ಮಸೂದೆಯನ್ನು ಅದೇ ಕಲಾಂ ಮರುಪರಿಶೀಲನೆಗೆ ವಾಪಸ್ ಕಳಿಸಿದರು. ಎರಡನ್ನೂ ಲೆಕ್ಕಕ್ಕೆ ತಗೊಳ್ಳಿ. ಒಂದನ್ನು ಮಾತ್ರ ಹೇಳುವವರನ್ನು ತಡೆದು ಇನ್ನೊಂದನ್ನು ನೆನಪಿಸಿ.

ಮಾಡಬಾರದ್ದು: ಸಹಿಯಿಲ್ಲದ ಕಾಗದವನ್ನು, ಮೂಲವಿಲ್ಲದ ವಾಟ್ಸಾಪ್ ಸಂದೇಶವನ್ನು ಚರ್ಚೆಗೆ ತರಬೇಡಿ, ಮುಂದಕ್ಕೂ ಕಳಿಸಬೇಡಿ. ಈ ನಿಯಮಕ್ಕೆ ವಿನಾಯಿತಿಯಿಲ್ಲ. ಕಾರಣ ಬೇಕಿದ್ದರೆ 1969ನ್ನು ನೋಡಿ.

ಆ ವರ್ಷದ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿದರು. ಅನಂತಪುರ ಜಿಲ್ಲೆಯ ಇಲ್ಲೂರಿನವರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜಧಾನಿಯಾದಾಗ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. ಎದುರಿಗೆ ನಿಂತವರು ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದ ವಿ.ವಿ. ಗಿರಿ. ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತ ಕೇಳಿದರು, ಪಕ್ಷ ಸೀಳಿತು. ಆ ಬಿಸಿಯಲ್ಲಿ ರೆಡ್ಡಿಯವರ ಚಾರಿತ್ರ್ಯಕ್ಕೆ ಮಸಿ ಬಳಿಯುವ ಅನಾಮಧೇಯ ಕರಪತ್ರವೊಂದು ಸಂಸದರ ಕೈಗೆ ಬಂತು. ಎರಡನೇ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅಂತರ 14,650. ಕರಪತ್ರದ ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. 1970ರಲ್ಲಿ ಹಾಲಿ ರಾಷ್ಟ್ರಪತಿಯೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಬೇಕಾಯಿತು. ಗಿರಿಯವರ ಕೈವಾಡ ಸಾಬೀತಾಗಲಿಲ್ಲ, ಅರ್ಜಿ ವಜಾ ಆಯಿತು. ಆ ಕರಪತ್ರ ಎಷ್ಟು ಮತ ಕದಲಿಸಿತು ಎಂದು ಇನ್ನು ಯಾರೂ ಎಣಿಸಲಾರರು.

ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು ಸಂಗತಿ. ರೆಡ್ಡಿಯವರ ಬಗ್ಗೆ ಎತ್ತಬಹುದಾಗಿದ್ದ ಗಟ್ಟಿ ಪ್ರಶ್ನೆಯೊಂದು ಎಲ್ಲರ ಕಣ್ಣೆದುರೇ ಇತ್ತು. ಅವರ ಸರ್ಕಾರ ಕರ್ನೂಲು ಜಿಲ್ಲೆಯ ಬಸ್ ಮಾರ್ಗಗಳನ್ನು ರಾಷ್ಟ್ರೀಕರಣ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿಕೂಲ ಮಾತಾಡಿತು. ಮುಖ್ಯಮಂತ್ರಿಯ ಮೇಲಿನ ಆರೋಪವನ್ನು ಅವರೇ ಪ್ರಮಾಣಪತ್ರ ಹಾಕಿ ಅಲ್ಲಗಳೆಯಲಿಲ್ಲ ಎಂಬುದು ಅಲ್ಲಿನ ಮುಖ್ಯ ಅಂಶ. 1964ರಲ್ಲಿ ರೆಡ್ಡಿ ತಾವಾಗಿಯೇ ರಾಜೀನಾಮೆ ಕೊಟ್ಟರು. ಆರೋಪಕ್ಕೆ ಉತ್ತರ ಕೊಡದ್ದು ದೋಷವೇ? ಕೋರ್ಟಿನ ಮಾತಿಗೆ ತಲೆಬಾಗಿ ಕುರ್ಚಿ ಬಿಟ್ಟದ್ದು ಯೋಗ್ಯತೆಯೇ? ಇದನ್ನು ಗಂಟೆಗಟ್ಟಲೆ ಚರ್ಚಿಸಬಹುದಿತ್ತು. ಎರಡೂ ಕಡೆಯವರಿಗೆ ಹೇಳಲು ಮಾತಿತ್ತು, ತೋರಿಸಲು ದಾಖಲೆಯಿತ್ತು. ಕರಪತ್ರ ಅದಕ್ಕೆ ಜಾಗವನ್ನೇ ಬಿಡಲಿಲ್ಲ. ಎಂಟು ವರ್ಷಗಳ ನಂತರ, 1977ರಲ್ಲಿ, ಅದೇ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು.

ಮಾಡಬಾರದ್ದು: ಧರ್ಮವನ್ನು ಯೋಗ್ಯತೆಯ ತಕ್ಕಡಿಗೆ ಹಾಕಬೇಡಿ. 1967ರ ಕಣದಲ್ಲಿದ್ದ ಇಬ್ಬರು ಪ್ರಮುಖರಿಗೂ ಈ ಊರಿನ ನಂಟಿತ್ತು. ಜಾಕಿರ್ ಹುಸೇನ್ ಹುಟ್ಟಿದ್ದು ಇಲ್ಲೇ, 1897ರಲ್ಲಿ. ಕೋಕಾ ಸುಬ್ಬರಾವ್ ಮೂಸಿ ದಂಡೆಯ ಹೈಕೋರ್ಟಿನಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಮುಸ್ಲಿಮರೊಬ್ಬರು ರಾಷ್ಟ್ರಪತಿ ಆಗಬಹುದೇ ಎಂಬ ಪ್ರಶ್ನೆ ಆಗ ಕೇಳಿಬಂತು; ಅದು ಕೇಳಲೇಬಾರದಾಗಿದ್ದ ಪ್ರಶ್ನೆ. ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಬ್ಬರಾವ್ ಪೀಠದಿಂದ ಇಳಿದು ನೇರವಾಗಿ ಚುನಾವಣೆಗೆ ಧುಮುಕಬಹುದೇ ಎಂದೂ ಕೇಳಿದರು. ಅದು ನ್ಯಾಯವಾದ ಪ್ರಶ್ನೆ, ಇಂದಿಗೂ ಕೇಳಿ.

ಹೆಸರಿನ ಮೇಲೆ ಮಾತು ಹೆಣೆಯಬೇಡಿ. 2022ರಲ್ಲಿ ಬಿಜೆಪಿ ಕಡೆಯ ಅಭ್ಯರ್ಥಿ ದ್ರೌಪದಿ ಮುರ್ಮು ಅವರ ಹೆಸರು ಹಿಡಿದು ಮಹಾಭಾರತದ ಮಾತು ತೆಗೆದ ಒಂದು ಟ್ವೀಟ್ ಅಬಿಡ್ಸ್ ಪೊಲೀಸ್ ಠಾಣೆಯವರೆಗೆ ಹೋಯಿತು. ಅವರ ಯೋಗ್ಯತೆಯ ಬಗ್ಗೆ ಅದರಿಂದ ಯಾರಿಗೂ ಒಂದಕ್ಷರ ತಿಳಿಯಲಿಲ್ಲ.

ಮಾಡಬೇಕಾದ್ದು: ‘ರಬ್ಬರ್ ಸ್ಟಾಂಪ್’ ಎನ್ನುವ ಮುನ್ನ ಪುರಾವೆ ಇಡಿ. 2022ರ ಜುಲೈ 2ರಂದು ಪ್ರತಿಪಕ್ಷಗಳ ಅಭ್ಯರ್ಥಿ ಯಶವಂತ ಸಿನ್ಹಾ ಬೇಗಂಪೇಟೆಯಲ್ಲಿ ಇಳಿದಾಗ ಇತ್ತ ಬಿಜೆಪಿಯ ರಾಷ್ಟ್ರೀಯ ಕಾರ್ಯಕಾರಿಣಿ ಇದೇ ಊರಿನಲ್ಲಿ ಸೇರಿತ್ತು. ಆ ಚುನಾವಣೆಯುದ್ದಕ್ಕೂ ರಬ್ಬರ್ ಸ್ಟಾಂಪ್ ಮಾತೇ ಮಾತು. ಆದರೆ ಮುರ್ಮು ಜಾರ್ಖಂಡ್ ರಾಜ್ಯಪಾಲರಾಗಿದ್ದಾಗ, 2017ರಲ್ಲಿ, ಆದಿವಾಸಿ ಭೂಮಿಯ ಕಾಯ್ದೆಗಳ ತಿದ್ದುಪಡಿಗಳನ್ನು ಬಿಜೆಪಿಯದೇ ಸರ್ಕಾರಕ್ಕೆ ವಾಪಸ್ ಕಳಿಸಿದ್ದರು. ಸಿನ್ಹಾ ಅವರದೂ ಆಡಳಿತ ಸೇವೆ, ಹಣಕಾಸು ಖಾತೆಯ ದೀರ್ಘ ದಾಖಲೆ. ಅವನ್ನು ಮುಂದಿಟ್ಟುಕೊಂಡು ಜಗಳವಾಡಿ, ಎಷ್ಟು ಬೇಕಾದರೂ.

ಮಾಡಬಾರದ್ದು: ದೂರದಿಂದ ರೋಗನಿರ್ಣಯ ಮಾಡಬೇಡಿ. ನೀವು ವೈದ್ಯರಾಗಿದ್ದರೆ ಖಂಡಿತ ಮಾಡಬೇಡಿ. ಅಮೆರಿಕದಲ್ಲಿರುವ ಮಕ್ಕಳೊಂದಿಗೆ ಅಲ್ಲಿನ ಅಧ್ಯಕ್ಷರ ಬುದ್ಧಿಸ್ಥಿತಿಯನ್ನು ಫೋನಿನಲ್ಲಿ ಅಳೆಯುವವರಿಗೂ ಇದು ಅನ್ವಯ. 1964ರಲ್ಲಿ ಅಲ್ಲಿನ ‘ಫ್ಯಾಕ್ಟ್’ ಪತ್ರಿಕೆ ಅಧ್ಯಕ್ಷೀಯ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ 12,356 ಮನೋವೈದ್ಯರಿಗೆ ಪ್ರಶ್ನೆ ಕಳಿಸಿತು. ಉತ್ತರಿಸಿದ 2,417 ಜನರಲ್ಲಿ 1,189 ಮಂದಿ ಅವರು ಅಧ್ಯಕ್ಷ ಹುದ್ದೆಗೆ ಮಾನಸಿಕವಾಗಿ ಅನರ್ಹರು ಎಂದರು, ಎದುರು ಕೂರಿಸಿ ಪರೀಕ್ಷಿಸದೆಯೇ. ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಗೆದ್ದರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವೇ ಇಂಥ ಹೇಳಿಕೆ ನಿಷೇಧಿಸಿ ನಿಯಮ ತಂದಿತು. ಅಭ್ಯರ್ಥಿಯ ವಯಸ್ಸು ಕೆಲಸಕ್ಕೆ ಅಡ್ಡಿ ಎನಿಸಿದರೆ, ಸಾರ್ವಜನಿಕವಾಗಿ ಕಂಡ ಯಾವ ಕೆಲಸ ಕೆಟ್ಟಿತು ಎಂದು ತೋರಿಸಿ. ತೋರಿಸಲಾಗದಿದ್ದರೆ ಸುಮ್ಮನಿರಿ.

ಕೊನೆಯದಾಗಿ, ಸರಿಯಾದ ಬಾಗಿಲು ತಟ್ಟಿ. ಈ ಚುನಾವಣೆಯಲ್ಲಿ ನಿಮಗೆ ಮತವಿಲ್ಲ, ವಿಧಾನ ಪರಿಷತ್ ಸದಸ್ಯರಿಗೂ ಇಲ್ಲ. ಸಂಸತ್ತಿಗೆ ಮತ್ತು ವಿಧಾನಸಭೆಗಳಿಗೆ ಚುನಾಯಿತರಾದವರಿಗೆ ಮಾತ್ರ ಇದೆ. 2022ರಲ್ಲಿ ತೆಲಂಗಾಣದ ಒಬ್ಬ ಶಾಸಕರ ಮತದ ಮೌಲ್ಯ 132, ಕರ್ನಾಟಕದವರದು 131. ತೆಲಂಗಾಣದ 119 ಶಾಸಕರದ್ದು ಕೂಡಿದರೆ 15,708. 1969ರಲ್ಲಿ ಗಿರಿ ಗೆದ್ದ ಅಂತರಕ್ಕಿಂತ ಅದು ಹೆಚ್ಚು. ಮತ ಗುಪ್ತ, ಪಕ್ಷ ವಿಪ್ ಹೊರಡಿಸುವಂತಿಲ್ಲ. ಹಾಗಾಗಿ ‘ಪಕ್ಷ ಹೇಳಿದಂತೆ ಹಾಕಿದೆ’ ಎಂಬ ಶಾಸಕರ ಸಬೂಬನ್ನು ಒಪ್ಪಬೇಡಿ.

ಮುರ್ಮು ಅವರ ಅವಧಿ 2027ರ ಜುಲೈಯಲ್ಲಿ ಮುಗಿಯುತ್ತದೆ. ಅಭ್ಯರ್ಥಿಗಳ ಹೆಸರು ಹೊರಬಿದ್ದ ವಾರವೇ ನಿಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆಯಿರಿ. ಯಾವ ದಾಖಲೆ ನೋಡಿ ಮತ ಹಾಕುತ್ತೀರಿ ಎಂದು ಕೇಳಿ, ಕೆಳಗೆ ನಿಮ್ಮ ಹೆಸರು ಬರೆದು ಸಹಿ ಹಾಕಿ.