ಜವಳಿ ಅಂಗಡಿಯವರಿಗೊಂದು ಮಾತು

ಚಾಮರಾಜನಗರ, ಗುಂಡ್ಲುಪೇಟೆಯಲ್ಲಿ ಸಣ್ಣ ಜವಳಿ ಅಂಗಡಿ ಇಟ್ಟವರೇ, ನೇಕಾರರಿಗೆ ನ್ಯಾಯದ ಕೂಲಿ ಸಿಕ್ಕ ಜುಬ್ಬಾ, ಅಂಗಿ ಮಾರುವ ಆಸೆಯಿದ್ದರೆ ಮೊದಲು ಬದನವಾಳಿಗೆ ಹೋಗಿ ವಿಚಾರಿಸಿ. ಗಾಂಧೀಜಿ ಬಂದುಹೋದ ಆ ಖಾದಿ ಕೇಂದ್ರ ನಂಜನಗೂಡಿನ ದಾರಿಯಲ್ಲೇ ಇದೆ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿ ಬೆಳೆಸಿದ ‘ಚರಕ’ ಸಂಸ್ಥೆಯೂ ಉಂಟು, ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ನೇಯುತ್ತಾರೆ, ಅಡಿಕೆ ಚೊಗರಿನಿಂದ ಬಣ್ಣ ಕಟ್ಟುತ್ತಾರೆ.

ಆರಂಭಕ್ಕೆ ಹತ್ತಿಪ್ಪತ್ತು ಅಂಗಿ ಸಾಕು. ಕೈಮಗ್ಗದ ಹತ್ತಿಬಟ್ಟೆ ಮೊದಲ ಒಗೆತಕ್ಕೆ ಕುಗ್ಗಬಹುದು, ಬಣ್ಣವನ್ನೂ ಬಿಡಬಹುದು. ಒಂದನ್ನು ನೀವೇ ಒಗೆದು, ತೊಟ್ಟು ನೋಡಿ, ಗಿರಾಕಿಗೆ ಮೊದಲೇ ಹೇಳಿಬಿಡಿ. ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದಷ್ಟೇ ಖಾದಿ. ಪವರ್‌ಲೂಮ್ ಬಟ್ಟೆಗೆ ಆ ಹೆಸರು ಹೇಳಲೇಬೇಡಿ. ಇನ್ನು, ತಂದ ಮಾಲಿನ ಹಣ ಬಾಕಿ ಇಡಬೇಡಿ. ಮುಂದಿನ ನೂಲಿಗೆ ನೇಕಾರರಿಗೆ ಆ ದುಡ್ಡೇ ಬೇಕು.